ಸಾಂಕ್ರಾಮಿಕದ ಕಾಲದಲ್ಲಿ ಶಾಲೆ: ಪೋಷಕರ ವಾದವಿವಾದದ ಸ್ವರೂಪ

ಊರಿಗೆ ಪಿಡುಗು ಬಂದಾಗ ಶಾಲೆಯ ಬಾಗಿಲನ್ನು ಮುಚ್ಚಬೇಕೆ, ತೆರೆದಿಡಬೇಕೆ ಎಂಬ ಪ್ರಶ್ನೆ ಮೇಲುನೋಟಕ್ಕೆ ವೈದ್ಯಶಾಸ್ತ್ರಕ್ಕೆ ಸೇರಿದುದೆಂದು ತೋರುತ್ತದೆ. ರೋಗವು ಹೇಗೆ ಹರಡುತ್ತದೆ, ಮಕ್ಕಳಿಗೆ ಅದರಿಂದ ಎಷ್ಟು ಅಪಾಯ, ಅವರು ಅದನ್ನು ಎಷ್ಟರಮಟ್ಟಿಗೆ ಮನೆಗೆ ತರಬಲ್ಲರು ಎಂಬಿಷ್ಟು ತಿಳಿದರೆ ಉತ್ತರವು ತಾನಾಗಿಯೇ ಹೊರಡಬೇಕು. ಆದರೆ ೨೦೨೦ರಿಂದ ೨೦೨೨ರವರೆಗೆ ಕರ್ನಾಟಕದ ತಂದೆತಾಯಿಗಳ ನಡುವೆ ನಡೆದ ಚರ್ಚೆಯನ್ನು ಪರಿಶೀಲಿಸಿದರೆ, ಒಂದೇ ರೋಗದ ವಿಷಯವಾಗಿ ಒಂದೇ ಬಗೆಯ ವರ್ತಮಾನವನ್ನು ಪತ್ರಿಕೆಗಳಲ್ಲಿ ಓದಿದ್ದವರು ತೀರ ವಿರುದ್ಧವಾದ ನಿರ್ಣಯಗಳಿಗೆ ಬಂದದ್ದು ಕಂಡುಬರುತ್ತದೆ. ಇದಕ್ಕೆ ಒಬ್ಬರ ವಿವೇಕವನ್ನೂ ಮತ್ತೊಬ್ಬರ ಅಜ್ಞಾನವನ್ನೂ ಕಾರಣವಾಗಿ ಹೇಳಿಬಿಡುವುದು ಸುಲಭ. ವಸ್ತುಸ್ಥಿತಿ ಬೇರೆ. ಪೋಷಕರು ಶಾಲೆಯನ್ನು ತೂಗಿದ್ದು ತಮ್ಮ ತಮ್ಮ ಮನೆಯನ್ನು ಎದುರು ತಟ್ಟೆಯಲ್ಲಿ ಇಟ್ಟುಕೊಂಡು. ಮನೆಯು ಮಗುವಿಗೆ ಏನನ್ನು ಕೊಡಬಲ್ಲದೆಂಬುದನ್ನು ಅನುಸರಿಸಿ ಶಾಲೆಯ ಅಪಾಯವೂ ಹೆಚ್ಚಾಗಿ ಅಥವಾ ಕಡಮೆಯಾಗಿ ಕಂಡಿತು. ಈ ಅಂಶವನ್ನು ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶ.

ಶಾಲೆಯನ್ನು ಮನೆಯೊಡನೆ ಹೋಲಿಸಿ ನೋಡುವ ಈ ಕ್ರಮಕ್ಕೆ ಒಂದು ಪ್ರಸಿದ್ಧವಾದ ಪೂರ್ವ ನಿದರ್ಶನವಿದೆ. ೧೯೧೮ರ ಇನ್‌ಫ್ಲುಯೆಂಜಾ ಹಾವಳಿಯಲ್ಲಿ ಅಮೆರಿಕದ ಬಹುಪಾಲು ನಗರಗಳು ಶಾಲೆಗಳನ್ನು ಮುಚ್ಚಿದವು. ನ್ಯೂಯಾರ್ಕ್, ಷಿಕಾಗೋ, ನ್ಯೂಹೇವನ್ ನಗರಗಳು ಮಾತ್ರ ಮುಚ್ಚಲು ಒಪ್ಪಲಿಲ್ಲ. ನ್ಯೂಯಾರ್ಕಿನ ಆರೋಗ್ಯಾಧಿಕಾರಿಯಾಗಿದ್ದ ರಾಯಲ್ ಕೋಪ್‌ಲೆಂಡರ ವಾದಸರಣಿ ಹೀಗಿತ್ತು: ನಗರದ ಸುಮಾರು ಹತ್ತು ಲಕ್ಷ ಶಾಲಾ ಮಕ್ಕಳಲ್ಲಿ ಮುಕ್ಕಾಲು ಪಾಲು ಇಕ್ಕಟ್ಟಾದ, ಗಾಳಿಬೆಳಕು ಸಾಲದ ವಠಾರಗಳಲ್ಲಿ ವಾಸಿಸುತ್ತಿದೆ, ಶಾಲೆಯ ಕಟ್ಟಡಗಳಾದರೋ ವಿಶಾಲವಾಗಿವೆ, ಅಲ್ಲಿ ಉಪಾಧ್ಯಾಯರೂ ದಾದಿಯರೂ ವೈದ್ಯರೂ ಮಕ್ಕಳನ್ನು ಪರೀಕ್ಷಿಸಿ, ರೋಗದ ಚಿಹ್ನೆ ಕಂಡ ಮಗುವನ್ನು ಕೂಡಲೇ ಬೇರೆಮಾಡಬಲ್ಲರು, ಶಾಲೆಯನ್ನು ಮುಚ್ಚಿದರೆ ಅದೇ ಮಗು ಬೀದಿಯಲ್ಲಿಯೂ ವಠಾರದ ಮೆಟ್ಟಿಲುಗಳಲ್ಲಿಯೂ ಯಾರ ಕಣ್ಣಿಗೂ ಬೀಳದೆ ಬೆರೆಯುತ್ತದೆ. ಈ ವಾದವನ್ನು ಎಲ್ಲರೂ ಒಪ್ಪಿದರೆಂದಲ್ಲ. ಕೋಪ್‌ಲೆಂಡರಿಗೆ ಹಿಂದೆ ಆ ಪದವಿಯಲ್ಲಿದ್ದವರೊಬ್ಬರೇ ಬಹಿರಂಗವಾಗಿ ಟೀಕಿಸಿದರು. ಷಿಕಾಗೋದಲ್ಲಿ ಶಾಲೆ ತೆರೆದಿದ್ದರೂ ಮಕ್ಕಳನ್ನು ಮನೆಯಲ್ಲಿಯೇ ಉಳಿಸಿಕೊಂಡ ತಂದೆತಾಯಿಗಳ ಸಂಖ್ಯೆ ದೊಡ್ಡದಾಗಿತ್ತು. ಅವರ ಅಂಜಿಕೆಗೆ ‘ಫ್ಲೂಫೋಬಿಯಾ’ ಎಂದು ಹಾಸ್ಯಮಿಶ್ರಿತವಾದ ಹೆಸರೂ ಬಂದಿತು. ಅಧಿಕಾರಿಯ ಆಜ್ಞೆ ಶಾಲೆಯ ಬಾಗಿಲನ್ನು ತೆರೆದಿಡಬಲ್ಲದು. ಮಗುವನ್ನು ಒಳಗೆ ಕಳುಹಿಸುವವರು ತಾಯಿತಂದೆಗಳೇ.

ಮುಂದೆ ೪೩ ನಗರಗಳ ದಾಖಲೆಗಳನ್ನು ತುಲನೆ ಮಾಡಿದ ವಿದ್ವಾಂಸರು, ನ್ಯೂಯಾರ್ಕಿನಲ್ಲಿ ಲಕ್ಷಕ್ಕೆ ೪೫೨ ಅಧಿಕ ಮರಣಗಳೂ ಬಾಸ್ಟನ್ನಿನಲ್ಲಿ ೭೧೦, ಫಿಲಡೆಲ್ಫಿಯದಲ್ಲಿ ೭೪೮ ಅಧಿಕ ಮರಣಗಳೂ ಸಂಭವಿಸಿದುವೆಂದು ಲೆಕ್ಕಹಾಕಿದ್ದಾರೆ. ಈ ಅಂಕಿಗಳನ್ನು ಹಿಡಿದು ಶಾಲೆಯನ್ನು ತೆರೆದಿಟ್ಟುದೇ ಲೇಸಾಯಿತೆಂದು ವಾದಿಸುವವರಿದ್ದಾರೆ. ಅದು ಅವಸರದ ತೀರ್ಮಾನ. ಅಂಗಡಿ ಕಚೇರಿಗಳ ವೇಳೆಯನ್ನು ಹಂಚಿ ಜನಸಂದಣಿಯನ್ನು ತಗ್ಗಿಸುವುದೇ ಮೊದಲಾದ ಬೇರೆ ಕ್ರಮಗಳನ್ನು ನ್ಯೂಯಾರ್ಕ್ ಕೈಕೊಂಡಿತ್ತು. ಅದೇ ಅಧ್ಯಯನದ ಮುಖ್ಯ ಫಲಿತಾಂಶವೆಂದರೆ, ಬೇಗನೆ ಆರಂಭಿಸಿ, ಹಲವು ಕ್ರಮಗಳನ್ನು ಒಟ್ಟಿಗೆ ಜಾರಿಗೊಳಿಸಿ, ಬಹುಕಾಲ ನಡೆಸಿಕೊಂಡು ಬಂದ ನಗರಗಳಲ್ಲಿ ಸಾವು ಕಡಮೆಯಾಯಿತೆಂಬುದು. ಆ ಕ್ರಮಗಳಲ್ಲಿ ಶಾಲೆಗಳನ್ನು ಮುಚ್ಚುವುದೂ ಸೇರಿತ್ತು. ನಮಗೆ ಇಲ್ಲಿ ಬೇಕಾದುದು ಕೋಪ್‌ಲೆಂಡರು ಗೆದ್ದರೇ ಸೋತರೇ ಎಂಬುದಲ್ಲ. ೧೯೦೮ರಿಂದಲೇ ಆ ನಗರದಲ್ಲಿ ಡಾ. ಜೋಸೆಫೀನ್ ಬೇಕರ್ ಅವರ ನೇತೃತ್ವದಲ್ಲಿ ಶಿಶು ಆರೋಗ್ಯ ವಿಭಾಗವೊಂದು ಕೆಲಸಮಾಡುತ್ತಿತ್ತು. ಮನೆಗಿಂತ ಶಾಲೆಯೇ ಲೇಸೆಂದು ಅಧಿಕಾರಿಯು ಹೇಳಬಲ್ಲವನಾದದ್ದು ಹತ್ತು ವರ್ಷಗಳ ಆ ಪೂರ್ವಸಿದ್ಧತೆಯ ಬಲದಿಂದ.

ನಮ್ಮ ರಾಜ್ಯದ ಸ್ಥಿತಿ ಇಂತಿರಲಿಲ್ಲ. ೨೦೨೦ರ ಮಾರ್ಚ್ ತಿಂಗಳಲ್ಲಿ ಕಲಬುರಗಿಯಲ್ಲಿ ದೇಶದ ಮೊದಲ ಕೋವಿಡ್ ಮರಣವು ಸಂಭವಿಸಿ, ಆ ತಿಂಗಳ ಮಧ್ಯದ ವೇಳೆಗೆ ಶಾಲೆಗಳು ಮುಚ್ಚಿದವು. ಜೂನ್ ತಿಂಗಳಲ್ಲಿ ಶಿಕ್ಷಣ ಇಲಾಖೆಯು ಶಾಲೆಶಾಲೆಯಲ್ಲಿಯೂ ಪೋಷಕರ ಸಭೆಗಳನ್ನು ಕರೆಸಿ, ಯಾವಾಗ ತೆರೆಯಬಹುದೆಂದು ಅಭಿಪ್ರಾಯ ಕೇಳಿತು. ಬೇಡವೆಂಬ ದನಿಯೇ ಪ್ರಬಲವಾಗಿತ್ತು. ಆಗಿನ ಮಟ್ಟಿಗೆ ಅದು ಸಹಜವೂ ಹೌದು, ನ್ಯಾಯವೂ ಹೌದು. ರೋಗ ಹೊಸದು, ಲಸಿಕೆ ಇಲ್ಲ. ಒಂದೊಂದು ಕೊಠಡಿಯಲ್ಲಿ ನಲವತ್ತು ಐವತ್ತು ಮಕ್ಕಳು ಕುಳಿತುಕೊಳ್ಳುವ, ಕೈತೊಳೆಯಲು ನೀರಿನ ಅನುಕೂಲವೂ ಸರಿಯಾಗಿಲ್ಲದ ಶಾಲೆಗಳು ನಮ್ಮಲ್ಲಿ ಕಡಮೆಯೇನಲ್ಲ. ಮಕ್ಕಳಿಗಿಂತ ಹೆಚ್ಚಾಗಿ ಮನೆಯಲ್ಲಿದ್ದ ಅಜ್ಜ ಅಜ್ಜಿಯರ ಚಿಂತೆ ತಂದೆತಾಯಿಗಳನ್ನು ಕಾಡುತ್ತಿತ್ತು. ವಯಸ್ಸು ಏರಿದಂತೆಲ್ಲ ಈ ರೋಗದ ಮಾರಕತೆ ಏರುತ್ತದೆಂಬುದು ಆ ಹೊತ್ತಿಗೆ ಸ್ಪಷ್ಟವಾಗಿತ್ತು.

ಅದೇ ಕಾಲದಲ್ಲಿ ನಡೆದ ಮತ್ತೊಂದು ವಿವಾದವು ಪೋಷಕವರ್ಗದಲ್ಲಿದ್ದ ಒಡಕನ್ನು ಬೆಳಕಿಗೆ ತಂದಿತು. ಎಳೆಯ ಮಕ್ಕಳನ್ನು ಗಂಟೆಗಟ್ಟಲೆ ಪರದೆಯ ಮುಂದೆ ಕೂರಿಸುವುದು ಹಾನಿಕರವೆಂದು ಸರ್ಕಾರವು ಕೆಳಗಿನ ತರಗತಿಗಳ ಆನ್‌ಲೈನ್ ಪಾಠವನ್ನು ನಿರ್ಬಂಧಿಸಿತು. ಇದರ ವಿರುದ್ಧ ಕೆಲವರು ಪೋಷಕರು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಮಕ್ಕಳ ಶಿಕ್ಷಣದ ಹಕ್ಕಿಗೆ ಇದರಿಂದ ಬಾಧೆಯುಂಟಾಗುವುದೆಂದು ನ್ಯಾಯಾಲಯವು ೨೦೨೦ರ ಜುಲೈ ೮ರಂದು ಆ ಆದೇಶಗಳಿಗೆ ತಡೆಯಾಜ್ಞೆ ಕೊಟ್ಟಿತು. ತೀರ್ಮಾನವು ನ್ಯಾಯಶಾಸ್ತ್ರದ ದೃಷ್ಟಿಯಿಂದ ಸರಿಯಾದುದೇ. ಆದರೆ ಅದರ ಪ್ರಯೋಜನವು ಯಾರ ಮನೆಗೆ ತಲಪಿತೆಂಬುದನ್ನು ಓದುಗರು ಗಮನಿಸಬೇಕು. ಅಂತರ್ಜಾಲವಿದ್ದ ಮನೆಯಲ್ಲಿ ಶಾಲೆಯು ಮುಚ್ಚಿಯೂ ಮುಚ್ಚಿದಂತಾಗಲಿಲ್ಲ. ಅಂಥ ಮನೆಯವರು ‘ಇನ್ನಷ್ಟು ದಿನ ಕಾಯೋಣ’ ಎಂದರೆ ಆ ಮಾತಿಗೆ ಅವರು ತೆರಬೇಕಾಗಿದ್ದ ಬೆಲೆ ಅಲ್ಪ. ಅಪ್ಪನೊಡನೆ ಬೆಳಗ್ಗೆ ಕೆಲಸಕ್ಕೆ ಹೊರಟುಹೋಗುವ ಒಂದೇ ಒಂದು ಫೋನು ಇದ್ದ ಮನೆಯಲ್ಲಿ ಕಾಯುವುದೆಂದರೆ ಓದನ್ನು ಬಿಡುವುದೆಂದೇ ಅರ್ಥ. ಖಾಸಗಿ ಶಾಲೆಗಳ ಶುಲ್ಕದ ಜಗಳವೂ ಇದರೊಳಗೆ ಸೇರಿ (ಬೋಧನಾ ಶುಲ್ಕದ ಶೇಕಡಾ ೭೦ರಷ್ಟನ್ನು ಮಾತ್ರ ಪಡೆಯತಕ್ಕದ್ದೆಂದು ೨೦೨೧ರ ಜನವರಿಯಲ್ಲಿ ಸರ್ಕಾರ ಆಜ್ಞೆ ಮಾಡಿತು), ತೆರೆಯಿರಿ ಎಂದವರ ಉದ್ದೇಶವನ್ನೇ ಸಂಶಯಿಸುವ ವಾತಾವರಣ ನಗರಗಳಲ್ಲಿ ಹುಟ್ಟಿತು.

ಹಳ್ಳಿಗಳ ಮಟ್ಟಿಗೆ ೨೦೨೦ರ ಆಗಸ್ಟಿನಲ್ಲಿ ಆರಂಭವಾದ ‘ವಿದ್ಯಾಗಮ’ ಯೋಜನೆಯು ಗಮನಾರ್ಹವಾದುದು. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಉಪಾಧ್ಯಾಯರೇ ಮಕ್ಕಳಿದ್ದಲ್ಲಿಗೆ ಹೋಗಲಿ ಎಂಬುದು ಇದರ ತಾತ್ಪರ್ಯ. ಗುಡಿಯ ಪ್ರಾಂಗಣ, ಸಮುದಾಯ ಭವನ, ಮರದ ನೆರಳು ಇವೇ ತರಗತಿಗಳಾದವು. ತೆರೆದ ಗಾಳಿಯಲ್ಲಿ ಸಣ್ಣ ಗುಂಪನ್ನು ಕೂರಿಸಿ ಪಾಠ ಹೇಳುವ ಈ ಕ್ರಮವು, ಗಾಳಿಯ ಮೂಲಕ ಹರಡುವ ರೋಗದ ಸ್ವಭಾವವನ್ನು ನೋಡಿದರೆ, ಮುಚ್ಚಿದ ಕೊಠಡಿಗಿಂತ ಎಷ್ಟೋ ಮೇಲು. ಆದರೆ ಕೆಲವೆಡೆ ಉಪಾಧ್ಯಾಯರಿಗೂ ಮಕ್ಕಳಿಗೂ ರೋಗ ತಗುಲಿದ ಸುದ್ದಿ ಬಂದೊಡನೆ ವಿರೋಧವೆದ್ದು, ಅಕ್ಟೋಬರಿನಲ್ಲಿ ಯೋಜನೆಯನ್ನು ನಿಲ್ಲಿಸಲಾಯಿತು. ಆ ರೋಗವು ಪಾಠದ ಜಾಗದಲ್ಲಿಯೇ ತಗುಲಿತೇ, ಸಂತೆಯಲ್ಲಿಯೋ ಮದುವೆಮನೆಯಲ್ಲಿಯೋ ತಗುಲಿತೇ ಎಂಬ ವಿಚಾರಣೆಗೆ ವ್ಯವಧಾನವಿರಲಿಲ್ಲ. ಶಾಲೆಗೆ ಪರ್ಯಾಯವಾಗಿ ನಮ್ಮಲ್ಲಿ ನಡೆದ ಪ್ರಯತ್ನಗಳಲ್ಲಿ ಬಡಮಕ್ಕಳಿಗೆ ಹತ್ತಿರವಾದದ್ದು ಇದೇ. ಅದನ್ನು ತಿದ್ದುವುದು ಬಿಟ್ಟು ನಿಲ್ಲಿಸಿದ್ದು ದುಡುಕಾಯಿತೆಂದೇ ಹೇಳಬೇಕು.

೨೦೨೧ರ ಜನವರಿ ೧ರಿಂದ ಮೇಲಿನ ತರಗತಿಗಳು ಆರಂಭವಾದವು. ಆಗ ಚರ್ಚೆಗೆ ಹೊಸದೊಂದು ವಸ್ತು ಸೇರಿತು: ಪೋಷಕರ ಒಪ್ಪಿಗೆ ಪತ್ರ. ಹಾಜರಿ ಕಡ್ಡಾಯವಲ್ಲ; ಕಳುಹಿಸುವುದಾದರೆ ತಂದೆಯೋ ತಾಯಿಯೋ ಲಿಖಿತ ಸಮ್ಮತಿ ಕೊಡಬೇಕು. ಈ ಏರ್ಪಾಡಿನ ಪರವಾಗಿ ಹೇಳತಕ್ಕ ಮಾತುಗಳಿವೆ. ಭೀತಿಯಲ್ಲಿರುವ ಜನರನ್ನು ಬಲವಂತಪಡಿಸಬಾರದು. ಮಗುವಿನ ವಿಷಯದಲ್ಲಿ ಕೊನೆಯ ಮಾತು ಹೆತ್ತವರದಾಗಿರಬೇಕು. ಆದರೆ ಎರಡು ತೊಡಕುಗಳನ್ನು ಈ ಪತ್ರ ಮರೆಮಾಡಿತು. ಸಮ್ಮತಿಯೆಂಬುದಕ್ಕೆ ಅರ್ಥವಿರುವುದು ಅಸಮ್ಮತಿಗೂ ದಾರಿಯಿದ್ದಾಗ. ಮನೆಯಲ್ಲಿ ಬೇರೆ ಉಪಾಯವಿಲ್ಲದ ಕೂಲಿಕಾರ ತಾಯಿ ಹಾಕಿದ ಹೆಬ್ಬೆಟ್ಟಿಗೂ, ಎರಡೂ ದಾರಿಗಳನ್ನು ಅಳೆದು ನೋಡಿ ನಗರದ ಗೃಹಸ್ಥನು ಹಾಕಿದ ರುಜುವಿಗೂ ಒಂದೇ ಬೆಲೆ ಕಟ್ಟಲಾಗದು. ಎರಡನೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಸಾಂಕ್ರಾಮಿಕ ರೋಗದಲ್ಲಿ ಒಬ್ಬನ ಒಪ್ಪಿಗೆ ಅವನೊಬ್ಬನಿಗೇ ಸಂಬಂಧಪಟ್ಟುದಲ್ಲ. ನನ್ನ ಮಗುವನ್ನು ಕಳುಹಿಸಲು ನಾನು ಒಪ್ಪಬಹುದು. ಪಕ್ಕದಲ್ಲಿ ಕುಳಿತ ಮಗುವಿನ ಅಜ್ಜಿಯ ಪರವಾಗಿ ನಾನು ಹೇಗೆ ಒಪ್ಪಲಿ? ಶಸ್ತ್ರಚಿಕಿತ್ಸೆಗೆ ಬರೆದುಕೊಡುವ ಕಾಗದದ ಮಾದರಿಯನ್ನು ಇಲ್ಲಿಗೆ ತಂದುದರಿಂದ, ಎಲ್ಲರೂ ಕೂಡಿ ನಿರ್ಣಯಿಸಬೇಕಾಗಿದ್ದ ಒಂದು ಸಾರ್ವಜನಿಕ ವಿಷಯವು ಲಕ್ಷಾಂತರ ಖಾಸಗಿ ನಿರ್ಣಯಗಳಾಗಿ ಒಡೆದುಹೋಯಿತು. ತಪ್ಪಿದರೆ ಹೊಣೆ ಯಾರದೆಂಬ ಪ್ರಶ್ನೆಗೂ ಆ ಕಾಗದವೇ ಉತ್ತರವಾಗಿ ನಿಂತಿತು. ಆ ಉತ್ತರವು ಸರ್ಕಾರಕ್ಕೂ ಶಾಲೆಯ ಆಡಳಿತಕ್ಕೂ ಅನುಕೂಲವಾಗಿತ್ತು. ಪೋಷಕನಿಗೆ ಮಾತ್ರ ಭಾರವಾಗಿತ್ತು.

೨೦೨೧ರ ಏಪ್ರಿಲ್ ಮೇ ತಿಂಗಳುಗಳ ಎರಡನೆಯ ಅಲೆಯು ಎಲ್ಲ ಚರ್ಚೆಯನ್ನೂ ನಿಲ್ಲಿಸಿತು. ಶಿಕ್ಷಕರು ಹಲವರು ಮಡಿದರು. ಆ ಬೇಸಗೆಯಲ್ಲಿ ಶಾಲೆ ತೆರೆದಿರಬೇಕಾಗಿತ್ತೆಂದು ವಾದಿಸಿದವರು ಇಲ್ಲವೆಂದರೂ ಸಲ್ಲುತ್ತದೆ.

ಅಲೆ ಇಳಿದ ಮೇಲೆ ವಾದದ ಆಧಾರಗಳೇ ಬದಲಾದವು. ೨೦೨೧ರ ಜೂನ್ ಜುಲೈ ತಿಂಗಳುಗಳಲ್ಲಿ ನಡೆದ ನಾಲ್ಕನೆಯ ರಾಷ್ಟ್ರೀಯ ರಕ್ತಪರೀಕ್ಷಾ ಸಮೀಕ್ಷೆಯಲ್ಲಿ ೬ರಿಂದ ೯ ವರ್ಷದ ಮಕ್ಕಳಲ್ಲಿ ಶೇಕಡಾ ೫೭ಕ್ಕೂ, ೧೦ರಿಂದ ೧೭ ವರ್ಷದವರಲ್ಲಿ ಶೇಕಡಾ ೬೧ಕ್ಕೂ ಮಿಕ್ಕು ರೋಗನಿರೋಧಕ ಅಂಶ ಕಂಡುಬಂದಿತು. ಈ ಮಕ್ಕಳಿಗೆ ಆಗ ಲಸಿಕೆ ಇರಲಿಲ್ಲ. ಚಿಕ್ಕ ತರಗತಿಗಳು ಬಹುಪಾಲು ಮುಚ್ಚಿಯೇ ಇದ್ದವು. ಅಂದರೆ ಶಾಲೆಯನ್ನು ಮುಚ್ಚಿದ್ದರೂ ರೋಗವು ಮನೆಯ ದಾರಿಯಿಂದಲೇ ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು ಮುಟ್ಟಿಹೋಗಿತ್ತು. ಮುಚ್ಚಿದುದರಿಂದ ಏನೂ ಫಲವಾಗಲಿಲ್ಲವೆಂದು ಇದರಿಂದ ಸಿದ್ಧವಾಗದು, ತೆರೆದಿದ್ದರೆ ಎಷ್ಟಾಗುತ್ತಿತ್ತೆಂಬ ಲೆಕ್ಕ ಇಲ್ಲಿಲ್ಲವಷ್ಟೆ. ಆದರೆ ಮನೆಯೇ ಕೋಟೆಯೆಂಬ ನಂಬಿಕೆಗೆ ಇದು ಪೆಟ್ಟು ಕೊಟ್ಟಿತು.

ಮತ್ತೊಂದು ಕಡೆ ನಷ್ಟದ ಲೆಕ್ಕವೂ ಸಿಕ್ಕಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ೨೦೨೧ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ೧,೧೩೭ ಸರ್ಕಾರಿ ಶಾಲೆಗಳ ೧೬,೦೬೭ ಮಕ್ಕಳನ್ನು ಪರೀಕ್ಷಿಸಿದಾಗ, ಶೇಕಡಾ ೯೨ ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ, ಶೇಕಡಾ ೮೨ ಮಕ್ಕಳು ಗಣಿತದ ಒಂದನ್ನಾದರೂ ಕಳೆದುಕೊಂಡಿದ್ದರು. ಕಲಿಯಬೇಕಾದುದನ್ನು ಕಲಿಯದಿರುವುದು ಒಂದು ನಷ್ಟ. ಕಲಿತದ್ದೇ ಅಳಿಸಿಹೋಗುವುದು ಬೇರೆ ಜಾತಿಯ ನಷ್ಟ. ಅದೇ ವರ್ಷದ ಆಗಸ್ಟಿನಲ್ಲಿ ಹದಿನೈದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಸುಮಾರು ೧,೪೦೦ ಬಡ ಕುಟುಂಬಗಳನ್ನು ಸಂದರ್ಶಿಸಿದ ಸಮೀಕ್ಷೆಯೊಂದರಲ್ಲಿ, ಕ್ರಮವಾಗಿ ಆನ್‌ಲೈನ್ ಪಾಠ ಪಡೆಯುತ್ತಿದ್ದ ಗ್ರಾಮೀಣ ಮಕ್ಕಳು ಶೇಕಡಾ ೮ ಮಾತ್ರ. ಆ ಗ್ರಾಮೀಣ ಪೋಷಕರಲ್ಲಿ ಶೇಕಡಾ ೯೭ ಮಂದಿ ಶಾಲೆ ಬೇಗ ತೆರೆಯಲೆಂದರು. ೨೦೨೦ರ ಜೂನಿನ ಅಭಿಪ್ರಾಯದೊಡನೆ ಇದನ್ನು ಹೋಲಿಸಿದರೆ ಜನರು ಚಂಚಲರೆಂದು ತೋರಬಹುದು. ವಾಸ್ತವವಾಗಿ ಅವರು ಒಂದೂವರೆ ವರ್ಷ ಮನೆಯನ್ನೂ ಮಗುವನ್ನೂ ನೋಡಿದ್ದರು. ಹದಿಮೂರು ವರ್ಷದ ಹುಡುಗ ಗ್ಯಾರೇಜಿನಲ್ಲಿ ಕೆಲಸಕ್ಕೆ ನಿಂತಿದ್ದನ್ನೂ, ಹುಡುಗಿಗೆ ಗಂಡು ಹುಡುಕುವ ಮಾತು ಮನೆಯಲ್ಲಿ ಎದ್ದಿದ್ದನ್ನೂ ಕಂಡವರಿಗೆ ಶಾಲೆಯ ಅರ್ಥ ಪಠ್ಯಪುಸ್ತಕದಿಂದಾಚೆಗೂ ತಿಳಿದಿತ್ತು. ಬಿಸಿಯೂಟದ ಬದಲು ಅಕ್ಕಿ ಬೇಳೆಗಳು ಮನೆಗೆ ಬಂದವು ನಿಜ. ಆದರೆ ಮನೆಗೆ ಬಂದ ಅಕ್ಕಿಯನ್ನು ಮನೆಯವರೆಲ್ಲ ಉಣ್ಣುತ್ತಾರೆ.

೨೦೨೧ರ ಆಗಸ್ಟ್ ೨೩ರಂದು ಒಂಬತ್ತನೆಯ ತರಗತಿಯಿಂದ ಮೇಲಿನವು, ಸೋಂಕಿನ ಪ್ರಮಾಣ ಶೇಕಡಾ ೨ಕ್ಕಿಂತ ಕಡಮೆಯಿದ್ದೆಡೆ ಆರಂಭವಾದವು. ಕೊಡಗು, ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರು, ಹಾಸನ ಜಿಲ್ಲೆಗಳು ಕಾಯಬೇಕಾಯಿತು. ಒಂದರಿಂದ ಐದನೆಯ ತರಗತಿಯ ಮಕ್ಕಳ ಸರದಿ ಬಂದುದು ಅಕ್ಟೋಬರ್ ೨೫ರಂದು. ಎಳೆಯ ಮಕ್ಕಳಿಗೆ ರೋಗದ ಅಪಾಯ ಅತ್ಯಲ್ಪ, ಕಲಿಕೆಯ ನಷ್ಟ ಅತ್ಯಧಿಕ. ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯಬಹುದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಖ್ಯಸ್ಥರು ಜುಲೈ ತಿಂಗಳಿನಲ್ಲೇ ಸೂಚಿಸಿದ್ದರು. ಆದರೂ ನಾವು ಮೇಲಿನಿಂದ ಕೆಳಕ್ಕೆ ಇಳಿದೆವು. ಪರೀಕ್ಷೆಯಿರುವ ತರಗತಿಯೇ ಮುಖ್ಯವೆಂಬ ನಮ್ಮ ಹಳೆಯ ಅಭ್ಯಾಸ ಇದಕ್ಕೆ ಕಾರಣವೇ ಹೊರತು ರೋಗಶಾಸ್ತ್ರವಲ್ಲ.

೨೦೨೨ರ ಜನವರಿಯಲ್ಲಿ ಒಮಿಕ್ರಾನ್ ಬಂದಾಗ ಬೆಂಗಳೂರಿನಲ್ಲಿ ಒಂದರಿಂದ ಒಂಬತ್ತರವರೆಗಿನ ತರಗತಿಗಳು ಆ ತಿಂಗಳ ೬ರಿಂದ ಮುಚ್ಚಿ ೩೧ರಂದು ತೆರೆದವು; ಇತರ ಜಿಲ್ಲೆಗಳಲ್ಲಿ ಸ್ಥಳೀಯ ಪರಿಸ್ಥಿತಿಯನ್ನು ನೋಡಿ ನಿರ್ಧರಿಸಲಾಯಿತು. ವರ್ಷಗಟ್ಟಲೆ ನಡೆದ ವಾದವು ವಾರಗಳ ಲೆಕ್ಕಕ್ಕೆ ಇಳಿದಿತ್ತು.

ಈ ವಿಷಯವನ್ನು ಕುರಿತು ಕೆಲಸಮಾಡಲಿಚ್ಛಿಸುವ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ೨೦೨೦ರ ಜೂನ್ ಸಭೆಗಳ ನಡಾವಳಿಗಳು, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಪುಸ್ತಕಗಳು, ಆ ಒಪ್ಪಿಗೆ ಪತ್ರಗಳು ಇವುಗಳಲ್ಲಿ ಉಳಿದಿರುವಷ್ಟನ್ನು, ಮುಖ್ಯೋಪಾಧ್ಯಾಯರು ಬದಲಾಗಿ ಕಪಾಟುಗಳು ಖಾಲಿಯಾಗುವ ಮೊದಲೇ, ತಾಲೂಕಿಗೆ ಹತ್ತು ಶಾಲೆಗಳಂತೆಯಾದರೂ ಸಂಗ್ರಹಿಸಬೇಕು. ಪತ್ರದಲ್ಲಿ ರುಜು ಮಾಡಿದವರು ತಂದೆಯೋ ತಾಯಿಯೋ, ಮಗ ಮಗಳಿಬ್ಬರೂ ಇದ್ದ ಮನೆಯವರು ಮೊದಲು ಯಾರನ್ನು ಕಳುಹಿಸಿದರು ಎಂಬುದನ್ನು ಗುರುತಿಸಿಕೊಳ್ಳುವುದರಿಂದ ಕೆಲಸವನ್ನು ಆರಂಭಿಸಬಹುದು.