ಗಂಟಲನ್ನು ತೆರೆದಿಡುವ ಗಾಳಿ

1980ರಲ್ಲಿ ಸಿಡ್ನಿಯ ವೈದ್ಯ ಕಾಲಿನ್ ಸಲಿವನ್ ಬಳಿಗೆ ಕಟ್ಟಡ ಕೆಲಸಗಾರನೊಬ್ಬ ಬಂದ. ನಿದ್ದೆಯಲ್ಲಿ ಅವನ ಉಸಿರು ಮತ್ತೆ ಮತ್ತೆ ನಿಲ್ಲುತ್ತಿತ್ತು. ಆಗ ಖಾತ್ರಿಯಾಗಿ ಫಲಿಸುತ್ತಿದ್ದ ಚಿಕಿತ್ಸೆ ಒಂದೇ: ಕತ್ತಿನ ಮುಂಭಾಗದಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ಕೊಳವೆ ಕೂರಿಸುವುದು. ಅದು ಅವನಿಗೆ ಬೇಡವಾಗಿತ್ತು. ಸಲಿವನ್ ಒಂದು ಪ್ರಯೋಗಕ್ಕೆ ಕೈಹಾಕಿದರು. ಮೂಗಿಗೆ ಮಾಸ್ಕ್ ಅಂಟಿಸಿ, ಗಾಳಿ ಊದುವ ಮೋಟಾರಿಗೆ ಜೋಡಿಸಿ, ಒತ್ತಡವನ್ನು ಮೆಲ್ಲಗೆ ಏರಿಸಿದರು. ಒಂದು ಹಂತದಲ್ಲಿ ಉಸಿರುಕಟ್ಟುವಿಕೆ ನಿಂತೇಹೋಯಿತು. ಒತ್ತಡ ಇಳಿಸಿದರೆ ಮತ್ತೆ ಶುರು, ಏರಿಸಿದರೆ ಮತ್ತೆ ಮಾಯ. ಮರುವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಐವರು ರೋಗಿಗಳ ವರದಿ ಪ್ರಕಟವಾಯಿತು. ಇಂದು ಸಿಪ್ಯಾಪ್ ಎಂದು ಕರೆಯುವ ಯಂತ್ರದ ಮೊದಲ ರೂಪ ಅದು.

ಈ ಯಂತ್ರ ಕೊಡುವುದು ಆಮ್ಲಜನಕ ಎಂದು ಬಹಳ ಜನ ತಿಳಿದಿದ್ದಾರೆ. ಅಲ್ಲ, ಅದು ಕೋಣೆಯ ಗಾಳಿಯೇ. ನಾಲಿಗೆಯ ಬುಡದಿಂದ ಧ್ವನಿಪೆಟ್ಟಿಗೆಯವರೆಗಿನ ಗಂಟಲಿಗೆ ಮೂಳೆಯ ಗಟ್ಟಿ ಚೌಕಟ್ಟಿಲ್ಲ. ಅದನ್ನು ತೆರೆದಿಡುವುದು ಸ್ನಾಯುಗಳು. ನಿದ್ದೆ ಹತ್ತಿದಾಗ ಅವು ಸಡಿಲವಾಗುತ್ತವೆ. ದಾರಿ ಕಿರಿದಾದಾಗ ಅದರ ಗೋಡೆ ಅದುರುತ್ತದೆ, ಅದೇ ಗೊರಕೆ. ಪೂರ್ತಿ ಮುಚ್ಚಿಕೊಂಡಾಗ ಎದೆ ಏರಿಳಿಯುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತಿದ್ದಂತೆ ಮಿದುಳು ಗಾಬರಿಗೊಂಡು ಅರೆಕ್ಷಣ ಎಚ್ಚರಿಸುತ್ತದೆ. ಗಂಟಲು ತೆರೆಯುತ್ತದೆ, ದೊಡ್ಡ ಸದ್ದಿನೊಡನೆ ಉಸಿರು ಬರುತ್ತದೆ, ನಿದ್ದೆ ಮರಳುತ್ತದೆ. ಬೆಳಿಗ್ಗೆ ಇದೊಂದೂ ನೆನಪಿರುವುದಿಲ್ಲ. ಸಿಪ್ಯಾಪ್ ಮಾಡುವುದು ಇಷ್ಟೇ: ಗಾಳಿ ತುಂಬಿದ ಸೈಕಲ್ ಟ್ಯೂಬ್ ಮುದುಡದೆ ನಿಲ್ಲುವ ಹಾಗೆ, ಒಳಗಿನ ಒತ್ತಡದಿಂದ ಗಂಟಲನ್ನು ಕುಸಿಯಗೊಡದೆ ಹಿಡಿದಿಡುತ್ತದೆ.

ನಮ್ಮ ಮನೆಗಳಲ್ಲಿ ಜೋರು ಗೊರಕೆಯೆಂದರೆ ಗಾಢನಿದ್ರೆಯ ಗುರುತು. ಈ ನಂಬಿಕೆ ಅಪಾಯಕಾರಿ. ಗೊರಕೆಯಿದ್ದವರಿಗೆಲ್ಲ ನಿದ್ದೆಯಲ್ಲಿ ಉಸಿರುಕಟ್ಟುವ ಈ ಕಾಯಿಲೆ ಇರುವುದಿಲ್ಲ, ನಿಜ. ಗಮನಿಸಬೇಕಾದದ್ದು ಗೊರಕೆಯ ನಡುವಿನ ಮೌನವನ್ನು. ಸದ್ದು ತಟ್ಟನೆ ನಿಂತು, ಹತ್ತು ಸೆಕೆಂಡಿಗೂ ಹೆಚ್ಚು ಹೊತ್ತು ಉಸಿರಿಲ್ಲದೆ, ಆಮೇಲೆ ಏದುಸಿರಿನೊಡನೆ ಮತ್ತೆ ಶುರುವಾದರೆ ಅನುಮಾನಿಸಿ. ಬೆಳಗಿನ ತಲೆನೋವು, ಒಣಗಿದ ಬಾಯಿ, ಹಗಲಿನ ತೂಕಡಿಕೆ, ಎರಡು ಮೂರು ಮಾತ್ರೆಗೂ ಬಗ್ಗದ ರಕ್ತದೊತ್ತಡ ಇವೂ ಸುಳಿವುಗಳೇ.

ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು ಇನ್ನೊಂದು. ಸಕ್ಕರೆ ಕಾಯಿಲೆ, ವಯಸ್ಸು ಎಂದು ಅದನ್ನು ತಳ್ಳಿಹಾಕುತ್ತೇವೆ. ಮುಚ್ಚಿದ ಗಂಟಲಿನೆದುರು ಎದೆ ಉಸಿರಿಗಾಗಿ ಸೆಣಸುವಾಗ ಒಳಗಿನ ಒತ್ತಡ ಕುಸಿದು ಹೃದಯಕ್ಕೆ ಹೆಚ್ಚು ರಕ್ತ ನುಗ್ಗುತ್ತದೆ. ಹಿಗ್ಗಿದ ಹೃದಯ, ಮೈಯಲ್ಲಿ ನೀರು ಹೆಚ್ಚಾಗಿದೆಯೆಂಬಂತೆ, ಮೂತ್ರ ಹೆಚ್ಚಿಸುವ ಹಾರ್ಮೋನನ್ನು ಬಿಡುತ್ತದೆ. ಹೀಗಾಗಿ ಗಂಟಲಿಗೆ ಚಿಕಿತ್ಸೆಯಾದ ಮೇಲೆ ಹಲವರಿಗೆ ರಾತ್ರಿ ಏಳುವುದೂ ಕಡಿಮೆಯಾಗುತ್ತದೆ.

ಇದು ದಪ್ಪಗಿರುವ ಗಂಡಸರ ಕಾಯಿಲೆ ಎಂಬ ಮಾತೂ ಅರ್ಧ ಸತ್ಯ. ತೂಕ, ದಪ್ಪ ಕತ್ತು ಅಪಾಯ ಹೆಚ್ಚಿಸುತ್ತವೆ, ಹೌದು. ಆದರೆ ದವಡೆ ಚಿಕ್ಕದಿದ್ದರೆ ಸಣಕಲು ಮೈಯವರಿಗೂ ಬರಬಹುದು. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಹೆಚ್ಚುತ್ತದೆ; ಅವರು ಹೇಳಿಕೊಳ್ಳುವುದು ಸುಸ್ತು, ನಿದ್ರಾಹೀನತೆ ಎಂದಾದ್ದರಿಂದ ರೋಗ ಪತ್ತೆಯಾಗದೆ ಉಳಿಯುತ್ತದೆ. ಮಕ್ಕಳಲ್ಲಿ ಊದಿಕೊಂಡ ಟಾನ್ಸಿಲ್, ಅಡಿನಾಯ್ಡ್‌ಗಳೇ ಹೆಚ್ಚಾಗಿ ಕಾರಣ.

ಪತ್ತೆಗೆ ಸ್ಲೀಪ್ ಸ್ಟಡಿ ಆಗಬೇಕು. ಒಂದು ರಾತ್ರಿ ಲ್ಯಾಬಿನಲ್ಲಿ ಮಲಗಬೇಕು, ಕೆಲವರಿಗೆ ಮನೆಯಲ್ಲೇ ಸಣ್ಣ ಉಪಕರಣ ಸಾಕು. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂದು ಎಣಿಸುತ್ತಾರೆ: 5ರಿಂದ 15ರೊಳಗೆ ಸೌಮ್ಯ, 30 ದಾಟಿದರೆ ತೀವ್ರ. ತೀವ್ರವಿದ್ದವರಲ್ಲಿ ಕನಿಷ್ಠ ಎರಡು ನಿಮಿಷಕ್ಕೊಮ್ಮೆ ಉಸಿರು ನಿಲ್ಲುತ್ತಿದೆ ಅಥವಾ ಕುಗ್ಗುತ್ತಿದೆ ಎಂದಾಯಿತು. ಅಂಥವರು ಲಾರಿಯ ಸ್ಟೀರಿಂಗ್ ಹಿಡಿದರೆ ಏನಾದೀತು, ಯೋಚಿಸಿ.

ತೂಕ ಹೆಚ್ಚಿದ್ದರೆ ಇಳಿಸುವುದು, ರಾತ್ರಿ ಮದ್ಯ ಬಿಡುವುದು, ಮಗ್ಗುಲಾಗಿ ಮಲಗುವುದು ಎಲ್ಲರಿಗೂ ಒಳ್ಳೆಯದು. ಸೌಮ್ಯ, ಮಧ್ಯಮ ಹಂತದಲ್ಲಿ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ, ದಂತವೈದ್ಯರು ಮಾಡಿಕೊಡುವ ಸಾಧನ ಹಲವರಿಗೆ ಒಪ್ಪುತ್ತದೆ. ಸ್ಥೂಲಕಾಯದ ರೋಗಿಗಳಿಗೆ ಟಿರ್ಜೆಪಟೈಡ್ ಚುಚ್ಚುಮದ್ದನ್ನು ಅಮೆರಿಕದ ಔಷಧ ನಿಯಂತ್ರಕರು 2024ರ ಡಿಸೆಂಬರಿನಲ್ಲಿ ಒಪ್ಪಿದ್ದಾರೆ. ಆದರೂ ತೀವ್ರ ಹಂತದಲ್ಲಿ ಮೊದಲ ಆಯ್ಕೆ ಸಿಪ್ಯಾಪ್. ಇದು ರೋಗವನ್ನು ಬೇರುಸಹಿತ ಕೀಳುವುದಿಲ್ಲ. ಹಾಕಿಕೊಂಡ ರಾತ್ರಿಯಷ್ಟೇ ರಕ್ಷಣೆ. ಮೊದಮೊದಲು ಮಾಸ್ಕ್ ಹಿಂಸೆ ಎನಿಸುತ್ತದೆ, ಅನೇಕರು ಯಂತ್ರವನ್ನು ಅಟ್ಟಕ್ಕೆ ಸೇರಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಾಸ್ಕಿನ ಅಳತೆ ಬದಲಿಸಬಹುದು, ಗಾಳಿಗೆ ತೇವಾಂಶ ಸೇರಿಸಬಹುದು, ಒತ್ತಡ ಹೊಂದಿಸಬಹುದು, ವೈದ್ಯರಲ್ಲಿ ಕೇಳಿ.

ಮಲಗಿದವರಿಗೆ ತಮ್ಮ ಕಾಯಿಲೆ ಕಾಣದು, ಪಕ್ಕದಲ್ಲಿರುವವರೇ ಸಾಕ್ಷಿ. ಉಸಿರು ನಿಲ್ಲುವುದನ್ನು ಕಂಡರೆ ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ. ರೋಗ ಖಚಿತವಾದವರು ಯಾವ ಶಸ್ತ್ರಚಿಕಿತ್ಸೆಗೆ ಮೊದಲೂ ಅರಿವಳಿಕೆ ವೈದ್ಯರಿಗೆ ಅದನ್ನು ತಿಳಿಸಬೇಕು. ಅರಿವಳಿಕೆ ಮದ್ದು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತದೆ. ಆಸ್ಪತ್ರೆಗೆ ಸೇರುವಾಗ ನಿಮ್ಮ ಸಿಪ್ಯಾಪ್ ಯಂತ್ರವನ್ನೂ ಜೊತೆಗೆ ಒಯ್ಯಿರಿ.