ಕಲ್ನಾರಿನಿಂದ ಕ್ಯಾನ್ಸರ್ ಬಂದರೆ ಸರ್ಕಾರ ಪರಿಹಾರ ಕೊಡುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಯೂಟ್ಯೂಬ್‌ನಲ್ಲಿ ಅಥವಾ ಗೂಗಲ್‌ನಲ್ಲಿ ಯಾವುದೋ ಆರೋಗ್ಯದ ವಿಷಯ ಹುಡುಕುವಾಗ 'ನಿಮಗೆ ಅಥವಾ ನಿಮ್ಮ ಮನೆಯವರಿಗೆ ಮೆಸೊಥೆಲಿಯೋಮಾ ಇದೆಯೇ? ನಿಮಗೆ ಪರಿಹಾರ ಸಿಗಬಹುದು' ಎನ್ನುವ ಜಾಹೀರಾತು ನೋಡಿದ್ದೀರಾ? ಇಂಥ ಮಾತು ಗ್ರೂಪಿನಿಂದ ಗ್ರೂಪಿಗೆ ಹೋಗುವಷ್ಟರಲ್ಲಿ 'ಶೀಟಿನ ಮನೆಯಲ್ಲಿ ಇದ್ದವರಿಗೆ ಕ್ಯಾನ್ಸರ್ ಬಂದರೆ ಸರ್ಕಾರ ಲಕ್ಷಗಟ್ಟಲೆ ಹಣ ಕೊಡುತ್ತದೆ' ಎಂದು ಆಗಿಬಿಡುವುದು ಸುಲಭ.

ಇದು ನಿಜವೇ? ಚುಟುಕಾಗಿ ಹೇಳುವುದಾದರೆ: ಕೆಲವು ದೇಶಗಳಲ್ಲಿ ನಿಜ. ಭಾರತದಲ್ಲಿ ಎಲ್ಲರಿಗೂ ಅನ್ವಯಿಸುವ ಅಂಥ ಸರ್ಕಾರಿ ನಿಧಿ ಇಲ್ಲ. ಆದರೆ ಕಲ್ನಾರಿನ ಜೊತೆ ಕೆಲಸ ಮಾಡಿದವರಿಗೆ ಕಾನೂನಿನಲ್ಲಿ ಪರಿಹಾರದ ಹಕ್ಕು ಇದೆ. ಆ ಹಕ್ಕು ಕೈತಪ್ಪಿ ಹೋಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಮೂವತ್ತು ವರ್ಷದ ಹಿಂದೆ ನೀವು ಏನು ಕೆಲಸ ಮಾಡುತ್ತಿದ್ದಿರಿ ಎಂದು ಯಾರೂ ಕೇಳುವುದಿಲ್ಲ, ಕೇಳಿದರೂ ತೋರಿಸಲು ಕಾಗದ ಇರುವುದಿಲ್ಲ.

ಮೊದಲು, ಈ ಕಾಯಿಲೆ ಯಾವುದು?

ಕಲ್ನಾರು ಅಂದರೆ ಆಸ್ಬೆಸ್ಟಾಸ್. ಕಲ್ಲಿನಲ್ಲಿ ಸಿಗುವ ನಾರು. ಬೆಂಕಿಗೆ ಸುಡುವುದಿಲ್ಲ, ಬೇಗ ಹಾಳಾಗುವುದಿಲ್ಲ, ಬೆಲೆಯೂ ಕಡಿಮೆ. ಅದಕ್ಕೇ ಸಿಮೆಂಟ್ ಶೀಟ್, ಪೈಪ್, ವಾಹನಗಳ ಬ್ರೇಕ್ ಲೈನಿಂಗ್, ಬಾಯ್ಲರ್‌ಗಳ ಹೊದಿಕೆ ಎಲ್ಲದರಲ್ಲೂ ಬಳಕೆಯಾಯಿತು. ನಮ್ಮಲ್ಲೂ ಹಾಸನ ಜಿಲ್ಲೆಯ ಹೊಳೆನರಸೀಪುರ ಭಾಗದಲ್ಲಿ ಕಲ್ನಾರಿನ ನಿಕ್ಷೇಪಗಳಿವೆ. ಈಗ ಭಾರತ ಬಳಸುವ ಬಿಳಿ ಕಲ್ನಾರು ಬಹುಪಾಲು ಹೊರದೇಶಗಳಿಂದ ಬರುತ್ತದೆ.

ತೊಂದರೆ ಇರುವುದು ಅದರ ಧೂಳಿನಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ನಾರುಗಳು ಉಸಿರಿನ ಜೊತೆ ಒಳಗೆ ಹೋದರೆ ದೇಹಕ್ಕೆ ಅವನ್ನು ಕರಗಿಸುವುದು ಕಷ್ಟ. ಇದರಿಂದ ಮುಖ್ಯವಾಗಿ ಮೂರು ಕಾಯಿಲೆಗಳು ಬರುತ್ತವೆ. ಒಂದು, ಶ್ವಾಸಕೋಶ ಗಟ್ಟಿಯಾಗುವ ಆಸ್ಬೆಸ್ಟೋಸಿಸ್. ಇದು ಕ್ಯಾನ್ಸರ್ ಅಲ್ಲ. ಎರಡು, ಶ್ವಾಸಕೋಶದ ಕ್ಯಾನ್ಸರ್. ಮೂರು, ಶ್ವಾಸಕೋಶದ ಹೊರಪದರಕ್ಕೆ ಅಥವಾ ಹೊಟ್ಟೆಯ ಒಳಪದರಕ್ಕೆ ಬರುವ ಮೆಸೊಥೆಲಿಯೋಮಾ ಎಂಬ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಬಿಳಿಯೂ ಸೇರಿ ಎಲ್ಲ ಬಗೆಯ ಕಲ್ನಾರನ್ನು 'ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ' ಎಂಬ ಮೊದಲ ಗುಂಪಿನಲ್ಲಿ ಇಟ್ಟಿದೆ.

ಇಲ್ಲಿ ನೆನಪಿಡಬೇಕಾದ ವಿಷಯ ಒಂದಿದೆ. ಧೂಳು ಕುಡಿದ ವರ್ಷಕ್ಕೂ ಮೆಸೊಥೆಲಿಯೋಮಾ ಕಾಣಿಸಿಕೊಳ್ಳುವ ವರ್ಷಕ್ಕೂ ಸಾಮಾನ್ಯವಾಗಿ 20ರಿಂದ 50 ವರ್ಷಗಳ ಅಂತರ ಇರುತ್ತದೆ. ಪರಿಹಾರದ ಕಥೆಯೆಲ್ಲ ಈ ಅಂತರದ ಸುತ್ತಲೇ ನಡೆಯುತ್ತದೆ.

ಆ ಜಾಹೀರಾತು ಎಲ್ಲಿಯದು?

ಅದು ಅಮೆರಿಕದ್ದು. ಹೆಚ್ಚಿನವು ಅಲ್ಲಿನ ವಕೀಲರ ಸಂಸ್ಥೆಗಳ ಜಾಹೀರಾತು. ಅಲ್ಲಿ ಕಾರ್ಮಿಕರು ಕಂಪನಿಗಳ ಮೇಲೆ ಸಾವಿರಾರು ಮೊಕದ್ದಮೆ ಹೂಡಿದಾಗ, ಜಾನ್ಸ್ ಮ್ಯಾನ್ವಿಲ್ ಎಂಬ ದೊಡ್ಡ ಕಲ್ನಾರು ಕಂಪನಿ 1982ರಲ್ಲಿ ದಿವಾಳಿ ಅರ್ಜಿ ಹಾಕಿತು. ನಂತರ ರೋಗಿಗಳಿಗೆ ಹಣ ಕೊಡಲೆಂದೇ ಒಂದು ಟ್ರಸ್ಟ್ ಸ್ಥಾಪನೆಯಾಯಿತು. ಇದೇ ದಾರಿಯಲ್ಲಿ ಬೇರೆ ಕಂಪನಿಗಳ ಟ್ರಸ್ಟ್‌ಗಳೂ ಹುಟ್ಟಿಕೊಂಡವು. ಅಂದರೆ ಆ ಹಣ ಕಂಪನಿಗಳದ್ದು, ಸರ್ಕಾರದ್ದಲ್ಲ. ಭಾರತದ ಶೀಟಿನ ಮನೆಗೂ ಅದಕ್ಕೂ ಸಂಬಂಧವಿಲ್ಲ. ಅಂಥ ಲಿಂಕ್ ಒತ್ತಿ ಆಧಾರ್, ಬ್ಯಾಂಕ್ ವಿವರ ಕೊಡಬೇಡಿ.

ಸರ್ಕಾರವೇ ಮುಂದೆ ನಿಂತು ಪರಿಹಾರ ಕೊಡುವ ದೇಶಗಳಿವೆಯೇ?

ಇವೆ. ಜಪಾನಿನ ಉದಾಹರಣೆ ನೋಡೋಣ. 2005ರ ಜೂನ್‌ನಲ್ಲಿ ಅಮಗಸಾಕಿ ನಗರದ ಕುಬೋಟಾ ಕಂಪನಿಯ ಹಳೆಯ ಕಾರ್ಖಾನೆಯ ವಿಷಯ ಹೊರಬಂತು. ಕಾರ್ಮಿಕರಿಗಷ್ಟೇ ಅಲ್ಲ, ಕಾರ್ಖಾನೆಯ ಸುತ್ತ ವಾಸವಿದ್ದವರಿಗೂ ಮೆಸೊಥೆಲಿಯೋಮಾ ಬಂದಿತ್ತು. ಕಾರ್ಮಿಕರಿಗೆ ವಿಮೆ ಇತ್ತು, ಪಕ್ಕದ ಬೀದಿಯವರಿಗೆ ಏನೂ ಇರಲಿಲ್ಲ. ದೇಶವೇ ಬೆಚ್ಚಿತು. ಒಂದು ವರ್ಷ ತುಂಬುವ ಮೊದಲೇ, 2006ರ ಮಾರ್ಚ್‌ನಲ್ಲಿ, ಕಲ್ನಾರು ಸಂತ್ರಸ್ತರ ನೆರವಿನ ಕಾನೂನು ಜಾರಿಗೆ ಬಂತು. ಸರ್ಕಾರ ಮತ್ತು ಉದ್ಯಮಗಳು ಸೇರಿ ನಿಧಿಗೆ ಹಣ ಹಾಕುತ್ತವೆ. ಕಾರ್ಮಿಕ ವಿಮೆ ಸಿಗದ ರೋಗಿಗೂ ಚಿಕಿತ್ಸೆಯ ವೆಚ್ಚ ಮತ್ತು ತಿಂಗಳಿಗೆ 1,03,870 ಯೆನ್ ಸಿಗುವಂತೆ ಮಾಡಿದರು. 'ಯಾವ ಕಂಪನಿಯಲ್ಲಿ ಕೆಲಸ ಮಾಡಿದ್ದೆ' ಎಂದು ಸಾಬೀತು ಮಾಡುವ ಹೊರೆ ರೋಗಿಯ ಮೇಲಿಲ್ಲ.

ಬ್ರಿಟನ್ನಿನಲ್ಲಿ ಕಾರ್ಮಿಕರಿಗೆ ಮೊದಲಿಂದ ಯೋಜನೆಗಳಿದ್ದವು. ಗಂಡನ ಕೆಲಸದ ಬಟ್ಟೆ ಒಗೆದು ಕಾಯಿಲೆ ತಂದುಕೊಂಡ ಹೆಂಡತಿಯಂಥವರು ಅದರಿಂದ ಹೊರಗೆ ಉಳಿದಿದ್ದರು. 2008ರಲ್ಲಿ ಅಂಥವರಿಗೂ ಸರ್ಕಾರದ ಒಂದು ಯೋಜನೆ ಬಂತು. ಮುಚ್ಚಿಹೋದ ಕಂಪನಿ, ಪತ್ತೆಯಾಗದ ವಿಮಾ ಸಂಸ್ಥೆ ಇರುವ ಪ್ರಕರಣಗಳಿಗೆಂದು 2014ರಲ್ಲಿ ಇನ್ನೊಂದು ಕಾನೂನು ಮಾಡಿದರು. ಅದರ ಹಣ ಬರುವುದು ವಿಮಾ ಕಂಪನಿಗಳ ಮೇಲೆ ಹಾಕಿದ ಸುಂಕದಿಂದ. ಫ್ರಾನ್ಸ್, ದಕ್ಷಿಣ ಕೊರಿಯಾಗಳಲ್ಲೂ ಇಂಥ ನಿಧಿಗಳಿವೆ.

ಭಾರತದಲ್ಲಿ ಏನಿದೆ?

ಮೊದಲು ಎರಡು ಮಾತುಗಳನ್ನು ಬೇರೆ ಮಾಡಿಕೊಳ್ಳೋಣ: ಚಿಕಿತ್ಸೆಯ ನೆರವು ಮತ್ತು ಪರಿಹಾರ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಅದು ನೆರವು. ಕಾಯಿಲೆ ಯಾಕೆ ಬಂತು ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಪರಿಹಾರ ಹಾಗಲ್ಲ. ಕೆಲಸದಿಂದ ಆದ ಹಾನಿಗೆ ಮಾಲೀಕ ಅಥವಾ ವಿಮೆ ತುಂಬಿಕೊಡಬೇಕಾದ ಹಣ ಅದು. ಅಲ್ಲಿ 'ಯಾಕೆ ಬಂತು' ಎನ್ನುವುದೇ ಮೊದಲ ಪ್ರಶ್ನೆ.

ಪರಿಹಾರಕ್ಕೆ ನಮ್ಮಲ್ಲಿ ಎರಡು ದಾರಿಗಳು. ಇಎಸ್‌ಐ ಇದ್ದವರಿಗೆ ಇಎಸ್‌ಐ ನಿಗಮ. ಇಲ್ಲದವರಿಗೆ 1923ರಿಂದ ಇದ್ದ ನೌಕರರ ಪರಿಹಾರ ಕಾಯ್ದೆಯಡಿ ಮಾಲೀಕರಿಂದ ಪರಿಹಾರ. ಎರಡು ಕಾಯ್ದೆಗಳ ಔದ್ಯೋಗಿಕ ರೋಗಗಳ ಪಟ್ಟಿಯಲ್ಲೂ ಆಸ್ಬೆಸ್ಟೋಸಿಸ್ ಇದೆ. ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರ್ ಮತ್ತು ಮೆಸೊಥೆಲಿಯೋಮಾ ಕೂಡ ಇವೆ. ಈ ಎರಡು ಕಾಯ್ದೆಗಳನ್ನೂ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಲಾಗಿದ್ದು, ಅದು 2025ರ ನವೆಂಬರ್ 21ರಂದು ಜಾರಿಗೆ ಬಂತು. ಔದ್ಯೋಗಿಕ ರೋಗಗಳ ಪಟ್ಟಿ ಅದರ ಮೂರನೇ ಅನುಸೂಚಿಯಲ್ಲಿದೆ.

ಇದರ ಜೊತೆಗೆ ಸುಪ್ರೀಂ ಕೋರ್ಟಿನ ಒಂದು ಮುಖ್ಯ ತೀರ್ಪಿದೆ. ಅಹಮದಾಬಾದಿನ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹಾಕಿದ್ದ ಅರ್ಜಿಯ ಮೇಲೆ 1995ರ ಜನವರಿ 27ರಂದು ಬಂದ ತೀರ್ಪು ಅದು. ಕಾರ್ಮಿಕರ ಆರೋಗ್ಯ ಎನ್ನುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಕೋರ್ಟ್ ಹೇಳಿತು. ಕಲ್ನಾರು ಕಾರ್ಖಾನೆಗಳು ಪ್ರತಿಯೊಬ್ಬ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಟ್ಟುಕೊಂಡಿರಬೇಕು ಎಂದು ಆದೇಶಿಸಿತು. ಇಎಸ್‌ಐ ಇರಲಿ ಬಿಡಲಿ, ಎಲ್ಲರಿಗೂ ಆರೋಗ್ಯ ವಿಮೆ ಮಾಡಿಸಬೇಕು ಎಂದಿತು. ಕೆಲಸದಿಂದ ಕಾಯಿಲೆ ಬಂದಿದೆ ಎಂದು ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಪರೀಕ್ಷೆಯಲ್ಲಿ ಗೊತ್ತಾದವರಿಗೆ 1 ಲಕ್ಷ ರೂಪಾಯಿ ಕೊಡಲು ಹೇಳಿತು.

ಹಾಗಾದರೆ ತೊಡಕು ಎಲ್ಲಿದೆ?

ಉದಾಹರಣೆಗೆ, ಒಬ್ಬರು 1985ರಲ್ಲಿ ಶೀಟ್ ಕಾರ್ಖಾನೆಗೆ ಸೇರಿ 1997ರಲ್ಲಿ ಕೆಲಸ ಬಿಟ್ಟರು ಎಂದುಕೊಳ್ಳಿ. ಆಮೇಲೆ ಊರಿಗೆ ಹೋಗಿ ಅಂಗಡಿ ಇಟ್ಟರು. ಈಗ ಉಸಿರುಗಟ್ಟುತ್ತಿದೆ, ಎದೆಯಲ್ಲಿ ನೀರು ತುಂಬಿದೆ. ಡಾಕ್ಟರ್ ಕೇಳುತ್ತಾರೆ: 'ಏನು ಕೆಲಸ?' ಅವರು ಹೇಳುತ್ತಾರೆ: 'ಅಂಗಡಿ.' ಕೇಸ್ ಶೀಟಿನಲ್ಲಿ 'ವ್ಯಾಪಾರ' ಎಂದು ಬರೆದಾಯಿತು. ಪರಿಹಾರದ ದಾರಿ ಅರ್ಧ ಅಲ್ಲೇ ಮುಚ್ಚಿತು.

ಇನ್ನರ್ಧ ಕಾನೂನಿನಲ್ಲಿದೆ. 1923ರ ಕಾಯ್ದೆ ಹೊರಟಿದ್ದು ಯಂತ್ರಕ್ಕೆ ಕೈ ಸಿಕ್ಕ, ಮೇಲಿಂದ ಬಿದ್ದ ಅಪಘಾತಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಆರು ತಿಂಗಳು ಬಿಡದೆ ಕೆಲಸ ಮಾಡಿದವರಿಗೆ ಕೆಲಸದಲ್ಲಿ ಇರುವಾಗಲೇ ಈ ಕ್ಯಾನ್ಸರ್ ಬಂದರೆ, ಅದು ಕೆಲಸದಿಂದಲೇ ಬಂತು ಎಂದು ಕಾಯ್ದೆ ಒಪ್ಪಿಕೊಳ್ಳುತ್ತಿತ್ತು. ಅಲ್ಲ ಎನ್ನುವ ಮಾಲೀಕರೇ ಅದನ್ನು ಸಾಬೀತು ಮಾಡಬೇಕಿತ್ತು. ಕೆಲಸ ಬಿಟ್ಟ ಮೇಲೆ ಬಂದರೆ ಸಾಬೀತು ಮಾಡುವ ಹೊರೆ ಕಾರ್ಮಿಕರದ್ದು. ಅರ್ಜಿ ಹಾಕಲು ಇದ್ದ ಅವಧಿ ಎರಡು ವರ್ಷ. ಕೆಲಸ ಬಿಟ್ಟ ಎರಡು ವರ್ಷದೊಳಗೆ ಲಕ್ಷಣ ಕಾಣಿಸಿಕೊಂಡವರಿಗೆ ಕಾಯ್ದೆಯಲ್ಲಿ ದಾರಿ ಬರೆದಿತ್ತು. ಮೂವತ್ತು ವರ್ಷ ಬಿಟ್ಟು ಬರುವ ಕಾಯಿಲೆಗೆ ಎರಡು ವರ್ಷದ ಲೆಕ್ಕ ಹೇಗೆ ಸಾಕಾಗುತ್ತದೆ? ಸರಿಯಾದ ಕಾರಣ ಇದ್ದರೆ ತಡವಾದ ಅರ್ಜಿಯನ್ನೂ ತೆಗೆದುಕೊಳ್ಳುವ ಅಧಿಕಾರ ಆಯುಕ್ತರಿಗೆ ಇತ್ತು, ನಿಜ. ಆದರೆ ಅದಕ್ಕೂ ಕಾಗದ ಬೇಕು.

ಮೆಸೊಥೆಲಿಯೋಮಾ ಪತ್ತೆಯಾದ ಮೇಲೆ ಹೆಚ್ಚಿನವರು ಎರಡು ವರ್ಷ ಬದುಕುವುದಿಲ್ಲ ಎನ್ನುವುದನ್ನೂ ಇದರ ಪಕ್ಕದಲ್ಲಿಟ್ಟು ನೋಡಿ. ಓಡಾಡಬೇಕಾದವರು ಹಾಸಿಗೆಯಲ್ಲಿರುತ್ತಾರೆ.

ಇನ್ನು ಬಟ್ಟೆ ಒಗೆದ ಹೆಂಡತಿ, ಕಾರ್ಖಾನೆ ಪಕ್ಕದ ಮನೆಯವರು? ಅವರು 'ನೌಕರರು' ಅಲ್ಲ. ಆದ್ದರಿಂದ ಈ ಎರಡೂ ದಾರಿಗಳಲ್ಲಿ ಅವರಿಗೆ ಜಾಗವಿಲ್ಲ.

ಬೇರೆ ದಾರಿ ಸಾಧ್ಯವೇ ಇಲ್ಲವೇ? ರಾಜಸ್ಥಾನ ನೋಡಿ. ಕಲ್ಲು ಕೆತ್ತುವವರಿಗೆ, ಗಣಿ ಕಾರ್ಮಿಕರಿಗೆ ಬರುವ ಸಿಲಿಕೋಸಿಸ್ ಕಾಯಿಲೆಗೆ 2019ರ ಅಲ್ಲಿನ ನೀತಿಯಂತೆ ರೋಗ ದೃಢಪಟ್ಟರೆ ರಾಜ್ಯ ಸರ್ಕಾರ 3 ಲಕ್ಷ, ರೋಗಿ ತೀರಿಕೊಂಡರೆ ಕುಟುಂಬಕ್ಕೆ 2 ಲಕ್ಷ ಕೊಡುತ್ತದೆ. ಇದು ಕ್ಯಾನ್ಸರ್ ಯೋಜನೆ ಅಲ್ಲ. ಆದರೆ ಧೂಳಿನ ಕಾಯಿಲೆಗೆ ಸರ್ಕಾರವೇ ಹಣ ಕೊಡುವುದು ಭಾರತದಲ್ಲೂ ಆಗದ ಮಾತೇನಲ್ಲ ಎಂದು ಇದರಿಂದ ಗೊತ್ತಾಗುತ್ತದೆ.

ನಮ್ಮ ಮನೆಗೆ ಶೀಟ್ ಹಾಕಿದೆ, ಭಯಪಡಬೇಕೇ?

ಗಟ್ಟಿಯಾಗಿ, ಒಡೆಯದೆ ಇರುವ ಶೀಟಿನ ಕೆಳಗೆ ಮಲಗಿದ ಮಾತ್ರಕ್ಕೆ ದೊಡ್ಡ ಅಪಾಯವಿಲ್ಲ. ನಾರು ಸಿಮೆಂಟಿನಲ್ಲಿ ಹಿಡಿದಿಟ್ಟಿರುತ್ತದೆ. ಅಪಾಯ ಇರುವುದು ಶೀಟನ್ನು ಕತ್ತರಿಸುವಾಗ, ತೂತು ಕೊರೆಯುವಾಗ, ಒಡೆಯುವಾಗ, ಒಣ ಬ್ರಶ್ಶಿನಿಂದ ಉಜ್ಜುವಾಗ. ಹಳೆಯ ಶೀಟ್ ತೆಗೆಯುವುದಿದ್ದರೆ ನೀರು ಹಾಕಿ ಒದ್ದೆ ಮಾಡಿ, ಇಡಿಯಾಗಿ ಇಳಿಸಿ, ಮಕ್ಕಳನ್ನು ದೂರ ಇಡಿ. ಒಡೆದ ಚೂರನ್ನು ಅಂಗಳಕ್ಕೆ ಹರಡಬೇಡಿ.

ಮನೆಯಲ್ಲಿ ಇಂಥ ರೋಗಿ ಇದ್ದರೆ ಏನು ಮಾಡಬೇಕು?

1. ಡಾಕ್ಟರಿಗೆ ಈಗಿನ ಕೆಲಸ ಮಾತ್ರ ಹೇಳಬೇಡಿ. ಹದಿನೆಂಟನೇ ವಯಸ್ಸಿನಿಂದ ಮಾಡಿದ ಕೆಲಸಗಳನ್ನೆಲ್ಲ ಹೇಳಿ. ಎಲ್ಲಿ, ಯಾವ ವರ್ಷ, ಯಾವ ಧೂಳು ಎಂದು ಕೇಸ್ ಶೀಟಿನಲ್ಲಿ ಬರೆಸಿ.

2. ಬಯಾಪ್ಸಿ ವರದಿ, ಸ್ಕ್ಯಾನ್, ಡಿಸ್ಚಾರ್ಜ್ ಸಾರಾಂಶ ಎಲ್ಲವನ್ನೂ ಎತ್ತಿಡಿ. ಫೋಟೋ ತೆಗೆದೂ ಇಡಿ.

3. ಹಳೆಯ ಇಎಸ್‌ಐ ಕಾರ್ಡ್, ಪಿಎಫ್ ಚೀಟಿ, ಸಂಬಳದ ಚೀಟಿ, ಗುರುತಿನ ಚೀಟಿ ಹುಡುಕಿ. ಏನೂ ಸಿಗದಿದ್ದರೆ ಜೊತೆಯಲ್ಲಿ ಕೆಲಸ ಮಾಡಿದವರ ಹೆಸರು ಬರೆದಿಡಿ. ಅವರು ಸಾಕ್ಷಿಯಾಗಬಹುದು.

4. ಕಾರ್ಖಾನೆ ಇನ್ನೂ ಇದ್ದರೆ ಆರೋಗ್ಯ ದಾಖಲೆಯ ಪ್ರತಿಯನ್ನು ಬರವಣಿಗೆಯಲ್ಲಿ ಕೇಳಿ. 1995ರ ತೀರ್ಪನ್ನು ಹೆಸರಿಸಿ.

5. ಇಎಸ್‌ಐ ಇತ್ತು ಎಂದಾದರೆ ಇಎಸ್‌ಐ ಕಚೇರಿಗೆ, ಇಲ್ಲವಾದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ರೋಗ ಗೊತ್ತಾದ ಕೂಡಲೇ ಹೋಗಿ, ಚಿಕಿತ್ಸೆ ಮುಗಿಯಲಿ ಎಂದು ಕಾಯಬೇಡಿ.

6. ವಕೀಲರಿಗೆ ಕೊಡಲು ಹಣ ಇಲ್ಲವೇ? ಕಾರ್ಖಾನೆ ಕಾರ್ಮಿಕರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರ ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಈ ಪ್ರಾಧಿಕಾರದ ಕಚೇರಿ ಇರುತ್ತದೆ. ಸಹಾಯವಾಣಿ 15100.

ಕೊನೆಗೆ

'ಕ್ಯಾನ್ಸರ್ ಬಂದರೆ ಸರ್ಕಾರ ಹಣ ಕೊಡುತ್ತದೆ' ಎನ್ನುವ ಮೆಸೇಜು ಕಳಿಸಿದರೆ ಯಾರಿಗೂ ಒಂದು ರೂಪಾಯಿ ಬರುವುದಿಲ್ಲ. ಅದರ ಬದಲು ಶೀಟ್ ಕಾರ್ಖಾನೆ, ಬ್ರೇಕ್ ಲೈನಿಂಗ್, ಬಾಯ್ಲರ್ ಕೆಲಸದಲ್ಲಿ ಇದ್ದ ನಿಮ್ಮ ತಂದೆಗೋ ಮಾವನಿಗೋ ಒಂದು ಫೋನ್ ಮಾಡಿ. ಹಳೆಯ ಇಎಸ್‌ಐ ಕಾರ್ಡ್ ಎಲ್ಲಿದೆ ಎಂದು ಕೇಳಿ. ಕಾಯಿಲೆ ಬರದೇ ಇರಲಿ. ಬಂದರೆ ಆ ಒಂದು ಕಾಗದವೇ ಆಧಾರ.