ಹಾಸಿಗೆ ಒದ್ದೆಯಾದರೆ ಮಗುವಿನ ತಪ್ಪೇ?

ಐದು ವರ್ಷ ದಾಟಿದ ಮಗು ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಹೊಯ್ದರೆ ಹಲವು ಮನೆಗಳಲ್ಲಿ ಮೊದಲು ಬೈಗುಳ, ಆಮೇಲೆ ಏಟು. ಎರಡೂ ವ್ಯರ್ಥ, ನಿದ್ದೆಯಲ್ಲಿ ನಡೆದುದಕ್ಕೆ ಮಗು ಹೊಣೆಯಲ್ಲ. ಇರುಳಿನಲ್ಲಿ ಮೂತ್ರವನ್ನು ತಗ್ಗಿಸುವ ಹಾರ್ಮೋನು ಕೆಲವರಿಗೆ ಸಾಲದು. ಕೆಲವರಿಗೆ ಮೂತ್ರಕೋಶ ತುಂಬಿದರೂ ಎಚ್ಚರವಾಗದು. ತಂದೆತಾಯಿಗಳಿಗೆ ಬಾಲ್ಯದಲ್ಲಿ ಹೀಗಿದ್ದರೆ ಮಕ್ಕಳಿಗೂ ಬರುವುದುಂಟು. (ಅಜ್ಜಿಯನ್ನು ಕೇಳಿದರೆ ನಿಜ ಹೊರಬಿದ್ದೀತು!) ಬಹುಮಂದಿ ಮರೆಯುವ ಕಾರಣ ಮಲಬದ್ಧತೆ: ಕಟ್ಟಿಕೊಂಡ ಮಲ ಮೂತ್ರಕೋಶವನ್ನು ಒತ್ತುತ್ತದೆ. ಹಗಲಿನಲ್ಲಿ ನೀರು, ಸೊಪ್ಪು, ಹಣ್ಣು ಧಾರಾಳವಾಗಿರಲಿ. ಸಂಜೆ ಕಾಫಿ, ಟೀ ಬೇಡ. ಶಿಡ್ಲಘಟ್ಟದ ಕಡೆ ರಾತ್ರಿ ರೇಷ್ಮೆಹುಳುವಿಗೆ ಸೊಪ್ಪು ಹಾಕಲು ಎದ್ದವರು ಮಗುವನ್ನೂ ಎಬ್ಬಿಸಿದರೆ ಅಂದಿನ ಹಾಸಿಗೆ ಒಣಗಿದ್ದೀತು, ಅಭ್ಯಾಸ ಹೋಗದು. ಒದ್ದೆಯಾದೊಡನೆ ಗಂಟೆ ಬಾರಿಸುವ ಉಪಕರಣ ಮೇಲು. ಡೆಸ್ಮೋಪ್ರೆಸ್ಸಿನ್ ಮಾತ್ರೆಯನ್ನು ವೈದ್ಯರು ಹೇಳದೆ ಕೊಡಕೂಡದು. ನುಂಗಿದ ರಾತ್ರಿ ಹೆಚ್ಚು ನೀರು ಕುಡಿಸಬಾರದು. ಆರು ತಿಂಗಳು ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾದರೆ, ಉರಿಮೂತ್ರವೋ ಅತಿ ಬಾಯಾರಿಕೆಯೋ ಕಂಡರೆ, ಅಂದೇ ವೈದ್ಯರಿಗೆ ತೋರಿಸಿರಿ. ಸೋಂಕು ಅಥವಾ ಸಕ್ಕರೆ ಕಾಯಿಲೆ ಇರಬಹುದು.